ಹಿಂಬದಿಯ ನಂಬರು

ತಳಿ ರಸ್ತೆ ತಿರುಗುವಲ್ಲಿ ನನ್ನ ಪಂಚರ್ ಅಂಗಡಿ.
ಮುಖ ನೋಡಿ ಮನುಷ್ಯರನ್ನು ಅಳೆಯಲು ಬಾರದು ನನಗೆ,
ಟೈರು ನೋಡಿ ಹೇಳುತ್ತೇನೆ.
ಇವನು ಬ್ರೇಕನ್ನು ಒತ್ತುವುದಿಲ್ಲ, ಒದೆಯುತ್ತಾನೆ.
ಇವನು ಹಂಪು ಕಂಡರೆ ಕಣ್ಣು ಮುಚ್ಚುತ್ತಾನೆ.
ಇವನಿಗೆ ನಿದ್ದೆ ಸಾಲದು, ಎಡದ ಅಂಚಿಗೆಲ್ಲ
ರಸ್ತೆಬದಿಯ ಜಲ್ಲಿ ಕಚ್ಚಿದ ಗಾಯ.

ಬೆಳಗಿನ ಐದೂ ನಲವತ್ತಕ್ಕೆ ಹೊಸೂರಿನ ಕಡೆಗೆ ಆ ಬಿಳಿ ವ್ಯಾನು.
ಇಪ್ಪತ್ತಾರು ಸೀಟು, ಮೂವತ್ತೆಂಟು ಹುಡುಗಿಯರು,
ಕಿಟಕಿಗಳಿಗೆ ಒರಗಿದ ಅರ್ಧರ್ಧ ನಿದ್ದೆ.
ಹಿಂಬದಿಯಲ್ಲಿ ತಮಿಳಲ್ಲಿ, ಇಂಗ್ಲಿಷಲ್ಲಿ ಬರೆದಿದೆ:
ನನ್ನ ಡ್ರೈವಿಂಗ್ ಹೇಗಿದೆ? ತಪ್ಪಿದ್ದರೆ ತಿಳಿಸಿ.
ಪ್ರಶ್ನೆ ಗೇಣುದ್ದ, ನಂಬರು ಇರುವೆ ಸಾಲು.
ಅದನ್ನು ಓದಬೇಕಾದರೆ ವ್ಯಾನು ನಿಧಾನ ಹೋಗಬೇಕು.
ನಿಧಾನ ಹೋದರೆ ಫೋನು ಮಾಡುವುದೇತಕ್ಕೆ?

ಒಮ್ಮೆ ಗಾಳಿಗೆ ನಿಂತಾಗ ಬರೆದಿಟ್ಟೆ,
ಸೀಮೆಸುಣ್ಣದಲ್ಲಿ, ಗೋಡೆಯ ಮೇಲೆ,
ಸೈಕಲ್ಲಿಗಿಷ್ಟು ಬೈಕಿಗಿಷ್ಟು ಎನ್ನುವ ರೇಟಿನ ಕೆಳಗೆ.
ಬೇಕಾದೀತು ಅಂತಲ್ಲ. ಕಂಡದ್ದು ಬರೆಯುವುದು ನನ್ನ ಚಾಳಿ.

ಶ್ರಾವಣದ ಒಂದು ಮಂಗಳವಾರ
ಹಾಲಿನ ತಿಮ್ಮರಾಯಪ್ಪನ ಮೊಪೆಡ್ಡನ್ನು
ಆ ವ್ಯಾನು ಮುಟ್ಟಲಿಲ್ಲ. ಮುಟ್ಟದೆಯೇ ಕೆಡವಿತು.
ಎರಡು ಕ್ಯಾನು ಹಾಲು ಟಾರಿನ ಮೇಲೆ ಹರಿದು
ಇಳಿಜಾರು ಎಲ್ಲಿದೆ ಅಂತ ತೋರಿಸಿತು.
ನಾಯಿಗಳು ಬಂದವು. ತಿಮ್ಮರಾಯಪ್ಪ ಎದ್ದು
ಮೊದಲು ಕ್ಯಾನಿನ ಮುಚ್ಚಳ ಹುಡುಕಿದ,
ಆಮೇಲೆ ತನ್ನ ಮೊಣಕಾಲು ನೋಡಿಕೊಂಡ.

ಫೋನು ಮಾಡಿದೆ.
ತಮಿಳಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು.
ಒಂದೇ ಒತ್ತಿದೆ. ನನ್ನ ತಮಿಳು ಸಂತೆಗೆ ಸಾಕು,
ಸಿಟ್ಟಿಗೆ ಸಾಲದು.
ಗಾಡಿ ನಂಬರು? ಹೊತ್ತು? ಜಾಗ?
ವೇಗವೋ, ಸಿಗ್ನಲ್ಲೋ, ಮೊಬೈಲು ಹಿಡಿದಿದ್ದನೋ?
ಹಾಲು ಚೆಲ್ಲಿತು, ಅಂದೆ.
ಹೆಣ್ಣುದನಿ ಸ್ವಲ್ಪ ತಡೆದು
'ವೇಗ' ಅಂತ ಬರೆದುಕೊಂಡಿತು.

ಎಂಟು ದಿನಕ್ಕೆ, ಮಟಮಟ ಮಧ್ಯಾಹ್ನ,
ಖಾಲಿ ವ್ಯಾನು ನನ್ನ ಮುಂದೆಯೇ ನಿಂತಿತು, ಮೊಳೆ ಹೊಡೆದು.
ಇಳಿದವನು ಅಂಚೆಟ್ಟಿ ಕಡೆಯ ಹುಡುಗ, ಚಿನ್ನರಾಜು.
ಕಣ್ಣು ಎರಡು ಗುಲಗಂಜಿ.
"ಯಾವನೋ ಫೋನು ಮಾಡವ್ನೆ ಕಣಣ್ಣ, ಮೂರು ದಿನದ ಕೂಲಿ ಹೋಯ್ತು.
ಆರೂ ಹತ್ತಕ್ಕೆ ಗೇಟು ದಾಟದಿದ್ರೂ ಕೂಲಿ ಹೋಯ್ತದೆ.
ಯಾವುದ್ರಲ್ಲಿ ಕಳ್ಕೊಳ್ಳಿ, ನೀನೇ ಹೇಳು."
ಬೆನ್ನು ಗೋಡೆಗೆ ಕೊಟ್ಟು ಕೂತ.
ಎದ್ದಾಗ ಅವನ ಅಂಗಿಯ ಬೆನ್ನಿಗೆ
ಆ ನಂಬರಿನ ಸುಣ್ಣ, ಅರ್ಧ.

ಬಾಯಿ ಬಿಡಲಿಲ್ಲ ನಾನು. ಚಕ್ರ ಬಿಚ್ಚಿದೆ.
ಒಳಬದಿಯಲ್ಲಿ ರಬ್ಬರು ಮುಗಿದು ತಂತಿ ಹೊರಗೆ ಬಂದಿತ್ತು,
ಹಳೇ ಚಾಪೆಯ ಅಂಚಿನ ಹಾಗೆ.
"ಆಫೀಸಲ್ಲಿ ಹೇಳಿವ್ನಿ. ದೀಪಾವಳಿ ಆಗಲಿ ಅಂದವ್ರೆ."
ಮೊಳೆ ಕಿತ್ತೆ. ತೂತು ಮುಚ್ಚಿದೆ. ದುಡ್ಡು ತಗೊಂಡೆ.
ಪೂರ್ತಿ ತಗೊಂಡೆ, ಅದನ್ನು ಯಾಕೆ ಮುಚ್ಚಿಡಲಿ.

ಅಂದೇ ಸಂಜೆ, ಅಳಿಸಿದ ಅರ್ಧವನ್ನು
ನೆನಪಿನಿಂದ ತುಂಬಿಕೊಂಡು ಮತ್ತೆ ಒತ್ತಿದೆ.
ಅದೇ ದನಿ. ವೇಗವೋ, ಸಿಗ್ನಲ್ಲೋ?
ಟೈರು, ಅಂದೆ.
ಪಟ್ಟಿಯಲ್ಲಿ ಟೈರು ಇಲ್ಲವಂತೆ. ಡ್ರೈವರನ ಹೆಸರು ಹೇಳಬೇಕಂತೆ.
ತಮಿಳು ಕೈಕೊಟ್ಟಿತು. ಕನ್ನಡದಲ್ಲೇ ಅಂದುಬಿಟ್ಟೆ:
"ಇದು ಅವನ ಮೇಲಿನ ದೂರಲ್ಲ ತಾಯಿ,
ಅವನ ಮೇಲಿರೋರ ಮೇಲಿನ ದೂರು."
ಆ ಕಡೆ ಕೀಲಿಮಣೆಯ ಸದ್ದು ನಿಂತಿತು.
ಯಾರೋ ಕೆಮ್ಮಿದರು. ಫ್ಯಾನು ಕಿರುಗುಟ್ಟುತ್ತಿತ್ತು.
ಆಮೇಲೆ, ತೀರ ಮೆಲ್ಲಗೆ, ನಮ್ಮ ತಳಿ ಕಡೆಯ ಕನ್ನಡ:
"ಅಣ್ಣಾ, ಯಾವ ಚಕ್ರ? ಮುಂದಿಂದಾ, ಹಿಂದಿಂದಾ?
ನಾನು ಹಿಂದಿನ ಸೀಟಲ್ಲೇ ಕೂತ್ಕೊಳೋದು."

ಎಡಕ್ಕೆ, ಹಿಂದಿಂದು, ಅಂದೆ.
ಹೂಂ, ಅಂದಳು.
ಬರೆದುಕೊಂಡಳೋ ಇಲ್ಲವೋ ತಿಳಿಯದು.

ಈಗ ಐದೂವರೆಗೇ ಎದ್ದು ಬಂದು ಕೂರುತ್ತೇನೆ.
ವ್ಯಾನು ಬರುತ್ತದೆ. ಎಡಗಡೆಯ ಹಿಂದಿನ ಚಕ್ರ ನೋಡುತ್ತೇನೆ.
ಆ ವೇಗಕ್ಕೆ ಏನೂ ಕಾಣದು.
ಕೊನೆಯ ಕಿಟಕಿಯಲ್ಲಿ ಒಂದು ಕೈ, ಗಾಜಿಗೆ ಒತ್ತಿದ್ದು,
ಬೀಸುತ್ತಿದೆಯೋ,
ಬಿಗಿಯಾಗಿ ಹಿಡಿದುಕೊಂಡಿದೆಯೋ.